ರೌಸ್‌ಡಾಲನ ‘ಡಾಮ್ ಚೌಕ’: ಒಂದು ಅಪೂರ್ವ ನಗರಚಿತ್ರ

ಹಾಲೆಂಡು ದೇಶದ ಪ್ರಕೃತಿದೃಶ್ಯ ಚಿತ್ರಕಾರರಲ್ಲಿ ಯಾಕೋಬ್ ವಾನ್ ರೌಸ್‌ಡಾಲನಿಗೆ ಅಗ್ರಸ್ಥಾನವು ಸಲ್ಲತಕ್ಕದ್ದೆಂಬುದು ಕಲಾವಿಮರ್ಶಕರೆಲ್ಲರೂ ಒಪ್ಪಿದ ಮಾತು. ಆತನ ಕುಂಚದಿಂದ ಹೊರಟುವೆಂದು ಎಣಿಸಲ್ಪಟ್ಟಿರುವ ಸುಮಾರು ೭೦೦ ಚಿತ್ರಗಳಲ್ಲಿ ಬಹುಭಾಗವು ಓಕ್ ಮರಗಳ ಕಾಡು, ಮರಳುದಿಬ್ಬ, ಜಲಪಾತ, ಗಾಳಿಯಂತ್ರ, ಕಡಲತೀರ ಇವುಗಳಿಗೇ ಮೀಸಲಾದದ್ದು. ಇಂಥವನು ಆಮ್‌ಸ್ಟರ್‌ಡಾಮ್ ನಗರದ ನಡುವೀಥಿಗೆ ಬಂದು, ಅಲ್ಲಿಯ ಡಾಮ್ ಚೌಕವನ್ನು ಎದುರಿಗಿಟ್ಟುಕೊಂಡು ಬರೆದ ಚಿತ್ರವೊಂದು ಬರ್ಲಿನ್ನಿನ ಚಿತ್ರಶಾಲೆಯಲ್ಲಿದೆ. ಅಗಲದಲ್ಲಿ ಎರಡಡಿಯ ಆಸುಪಾಸಿನ ಈ ಸಣ್ಣ ಪಟವು ಸುಮಾರು ೧೬೭೦ರಲ್ಲಿ ಆದದ್ದೆಂದು ವಿದ್ವಾಂಸರು ಎಣಿಸಿದ್ದಾರೆ. ಚಿತ್ರದ ಸೊಗಸು ಒಂದು ಕಡೆ ಇರಲಿ. ಅದರಲ್ಲಿ ಮುಖ್ಯವಾಗಿ ಕಾಣುವ ಕಟ್ಟಡವು ಈಗ ಇಲ್ಲ. ಆದಕಾರಣ, ಇತಿಹಾಸಕಾರನು ಈ ಪಟವನ್ನು ಸಾಕ್ಷ್ಯವೆಂದು ಎಷ್ಟರಮಟ್ಟಿಗೆ ಸ್ವೀಕರಿಸಬಹುದೆಂಬ ಪ್ರಶ್ನೆಯು ಏಳುತ್ತದೆ.

ಮೊದಲು ಸ್ಥಳದ ವಿಚಾರ. ಹದಿಮೂರನೆಯ ಶತಮಾನದಲ್ಲಿ ಆಮ್‌ಸ್ಟೆಲ್ ನದಿಗೆ ಅಡ್ಡಲಾಗಿ ಕಟ್ಟಿದ ಒಡ್ಡಿನಿಂದಲೇ ನಗರಕ್ಕೂ ಚೌಕಕ್ಕೂ ಹೆಸರು ಬಂದಿತು. ಒಡ್ಡಿನ ಕೆಳಗಣ ನೀರು ‘ಡಾಮ್‌ರಾಕ್’ ಎಂಬ ಒಳರೇವಾಗಿ, ಸರಕು ತುಂಬಿದ ದೋಣಿಗಳು ಚೌಕದ ಅಂಚಿನವರೆಗೂ ಬರುತ್ತಿದ್ದುವು. ಹಾಗೆ ಬಂದ ಸರಕನ್ನು ನಗರದ ಅಧಿಕೃತ ತಕ್ಕಡಿಯಲ್ಲಿ ತೂಗಿ ಶುಲ್ಕವನ್ನು ವಸೂಲು ಮಾಡುವುದಕ್ಕಾಗಿ ೧೫೬೫ರಲ್ಲಿ ಚೌಕದ ನಡುವೆ ತೂಕದ ಮನೆಯೊಂದನ್ನು ಕಟ್ಟಿದರು. ವರ್ತಕರ ನಗರಕ್ಕೆ ಇದು ದೇವಾಲಯದಷ್ಟೇ ಮುಖ್ಯವಾದ ಕಟ್ಟಡವೆಂದರೆ ಅತಿಶಯೋಕ್ತಿಯಾಗಲಾರದು. ೧೬೦೨ರಲ್ಲಿ ಸ್ಥಾಪಿತವಾದ ಡಚ್ಚರ ಪೂರ್ವ ಇಂಡಿಯ ಕಂಪೆನಿಯು ನಮ್ಮ ಬಸರೂರಿನಲ್ಲಿಯೂ ಕೋಠಿಯನ್ನಿಟ್ಟು ಕೆಳದಿಯ ನಾಯಕರ ಸೀಮೆಯ ಮೆಣಸು ಅಕ್ಕಿಗಳ ವ್ಯಾಪಾರಮಾಡುತ್ತಿದ್ದುದನ್ನು ನೆನೆದರೆ, ಆ ನಗರದ ಐಶ್ವರ್ಯದ ಹರಹು ಎಷ್ಟೆಂಬುದು ಕನ್ನಡ ವಾಚಕರಿಗೂ ಹೊಳೆಯದೆ ಇರದು.

ಚೌಕದ ಪಶ್ಚಿಮಕ್ಕೆ ಇದ್ದ ಹಳೆಯ ಪುರಭವನವು ೧೬೫೨ರಲ್ಲಿ ಬೆಂಕಿಗೆ ಆಹುತಿಯಾಯಿತು. ಅಷ್ಟರಲ್ಲಾಗಲೇ ಯಾಕೋಬ್ ವಾನ್ ಕಾಂಪೆನ್ ಎಂಬ ಶಿಲ್ಪಿಯ ಯೋಜನೆಯಂತೆ ಹೊಸ ಪುರಭವನದ ಕೆಲಸವು ೧೬೪೮ರಿಂದ ನಡೆಯುತ್ತಿದ್ದಿತು. ೧೬೫೫ರಲ್ಲಿ ಅದರ ಪ್ರವೇಶೋತ್ಸವವೂ ಆಯಿತು. ಜೌಗುನೆಲದಲ್ಲಿ ೧೩,೬೫೯ ಮರದ ಕಂಬಗಳನ್ನು ಹೂಳಿ ಅವುಗಳ ಮೇಲೆ ನಿಲ್ಲಿಸಿದ ಈ ಕಲ್ಲಿನ ಸೌಧವನ್ನು ನೋಡಿ ಅಂದಿನ ಜನರು ಬೆರಗಾದುದರಲ್ಲಿ ಆಶ್ಚರ್ಯವೇನೂ ಇಲ್ಲ. ಚಿತ್ರಕಾರರಂತೂ ಇದನ್ನೇ ಮುತ್ತಿಕೊಂಡರು. ಗೆರಿಟ್ ಬೆರ್ಕ್‌ಹೈಡನು ಚೌಕವನ್ನು ಮತ್ತೆ ಮತ್ತೆ ಬರೆದನು. ಯಾನ್ ವಾನ್ ಡರ್ ಹೈಡನನು ೧೬೬೭ರಲ್ಲಿ ಬರೆದ ಪುರಭವನದ ಚಿತ್ರವು ಈಗ ಫ್ಲಾರೆನ್ಸ್ ನಗರದಲ್ಲಿದೆ. ನಿರ್ದಿಷ್ಟವಾದ ಒಂದು ಬಿಂದುವಿನಿಂದ ನೋಡಿದಾಗ ಮಾತ್ರ ಗೋಪುರವು ಸರಿಯಾಗಿ ಕಾಣುವಂತೆ ಆತನು ರೇಖೆಗಳನ್ನು ಹವಣಿಸಿದ್ದಾನೆ. (ಈ ಹೈಡನನೇ ಬೆಂಕಿ ಆರಿಸುವ ಯಂತ್ರಕ್ಕೆ ಕೊಳವೆಯನ್ನು ಜೋಡಿಸಿ ಸುಧಾರಿಸಿದವನು, ನಗರದ ಬೀದಿದೀಪಗಳ ವ್ಯವಸ್ಥೆಯನ್ನು ಮಾಡಿದವನು. ಕಣ್ಣಳತೆಯೂ ಯಂತ್ರಜ್ಞಾನವೂ ಒಬ್ಬನಲ್ಲಿಯೇ ಕೂಡಿದ್ದುವು.)

ರೌಸ್‌ಡಾಲನು ಮಾಡಿದ್ದೇನು? ಚೌಕದ ದಕ್ಷಿಣದ ಕಡೆ ನಿಂತು ಉತ್ತರಕ್ಕೆ ಮುಖಮಾಡಿದನು. ಪುರಭವನವು ಎಡಗೈಯ ಕಡೆಗೆ, ಪಟದ ಅಂಚಿನಿಂದ ಆಚೆಗೇ ಉಳಿದುಹೋಯಿತು. ನಡುವೆ ನಿಂತದ್ದು ನೂರು ವರ್ಷ ಹಳೆಯದಾದ ತೂಕದ ಮನೆ. ಅದರಾಚೆ ಡಾಮ್‌ರಾಕಿನ ಹಡಗುಗಳ ಕೂವೆಮರಗಳು, ಹಿಂದೆ ಹಳೆಯ ಚರ್ಚಿನ ಗೋಪುರ, ಎಲ್ಲಕ್ಕೂ ಮೇಲೆ ಮೋಡ ತುಂಬಿದ ವಿಶಾಲವಾದ ಆಕಾಶ. ಆತನು ೧೬೭೦ರ ವೇಳೆಗೆ ಚೌಕಕ್ಕೆ ಬಂದು ಸೇರುವ ಕಾಲ್ವರ್ ಬೀದಿಯಲ್ಲಿಯೇ ವಾಸವಾಗಿದ್ದನು. ಆದುದರಿಂದ ಇದು ಆತನು ದಿನವೂ ಕಾಣುತ್ತಿದ್ದ ನೋಟವೆಂದು ಊಹಿಸುವುದು ತಪ್ಪಾಗಲಾರದು. ನಗರದ ಹೆಮ್ಮೆಯನ್ನು ಕೊಂಡಾಡುವ ಉದ್ದೇಶವಿದ್ದಿದ್ದರೆ ಪುರಭವನವನ್ನು ಬಿಡಲು ಕಾರಣವೇ ಇಲ್ಲ. ನನಗೆ ತೋರುವಂತೆ, ಆತನು ಇಲ್ಲಿಯೂ ಹುಡುಕಿದ್ದು ತನ್ನ ಹಳೆಯ ವಸ್ತುವನ್ನೇ: ನೆಲದ ಮೇಲೆ ಸರಿದಾಡುವ ನೆರಳು ಬೆಳಕು, ನೀರು, ಮೋಡ. ತನ್ನ ಹುಟ್ಟೂರಾದ ಹಾರ್ಲೆಮನ್ನು ದೂರದ ದಿಬ್ಬಗಳಿಂದ ನೋಡಿ ಬರೆದ ಚಿತ್ರಗಳಲ್ಲಿ ಊರು ದಿಗಂತದ ಒಂದು ತೆಳುಗೆರೆ, ಆಕಾಶವೇ ಮೂರರಲ್ಲಿ ಎರಡು ಪಾಲು. ಆ ಕಣ್ಣೇ ಇಲ್ಲಿ ಊರೊಳಗೆ ಬಂದಿದೆ.

ಇನ್ನು ಸಾಕ್ಷ್ಯದ ಪ್ರಶ್ನೆ. ಸಂದೇಹಕ್ಕೆ ಬಲವಾದ ಕಾರಣಗಳುಂಟು. ೧೮೧೬ರಲ್ಲಿ ಜರ್ಮನ್ ಮಹಾಕವಿ ಗಯಟೆಯು ಲೇಖನವೊಂದನ್ನು ಬರೆದು ರೌಸ್‌ಡಾಲನನ್ನು ಕವಿಯೆಂದೇ ಹೊಗಳಿದನು. ಕವಿಯೆನಿಸಿಕೊಂಡವನ ಸಾಕ್ಷ್ಯವನ್ನು ಇತಿಹಾಸಕಾರನು ಎಚ್ಚರಿಕೆಯಿಂದ ತೂಗಿ ನೋಡಬೇಕಾಗುತ್ತದೆ. ಸ್ಕ್ಯಾಂಡಿನೇವಿಯಕ್ಕೆ ಹೋಗದೆಯೇ, ಅಲ್ಲಿಗೆ ಹೋಗಿಬಂದಿದ್ದ ಎವರ್ಡಿಂಗನ್ ಎಂಬ ಚಿತ್ರಕಾರನ ಮಾದರಿಯನ್ನು ಹಿಡಿದು ಅಲ್ಲಿಯ ಜಲಪಾತಗಳನ್ನು ಬರೆದವನು ಈತ. ಬೆಂಟ್‌ಹೈಮ್ ಕೋಟೆಯನ್ನು ಇರುವುದಕ್ಕಿಂತ ಎಷ್ಟೋ ಎತ್ತರವಾದ ಬೆಟ್ಟದ ಮೇಲೆ ಕೂರಿಸಿದನು. ಪ್ರಸಿದ್ಧವಾದ ‘ಯೆಹೂದ್ಯರ ಸ್ಮಶಾನ’ದಲ್ಲಿ ಆಮ್‌ಸ್ಟೆಲ್ ತೀರದ ಔಡರ್‌ಕೆರ್ಕ್ ಎಂಬ ಊರಿನ ಗೋರಿಗಳ ಬಳಿಯಲ್ಲಿ, ಅಲ್ಲಿ ಇಲ್ಲದ ಪಾಳುಗೋಡೆಗಳನ್ನೂ ಹರಿಯುವ ತೊರೆಯನ್ನೂ ತಂದಿಟ್ಟನು.

ಆದರೆ ಇವೇ ನಿದರ್ಶನಗಳನ್ನು ಇನ್ನೊಂದು ಸಲ ನೋಡಬೇಕು. ಸ್ಮಶಾನದ ಗೋರಿಗಳು ಕಲ್ಪಿತವಲ್ಲ. ಆತನು ಸ್ಥಳದಲ್ಲಿಯೇ ಬರೆದುಕೊಂಡ ರೇಖಾಚಿತ್ರಗಳು ಹಾರ್ಲೆಮಿನಲ್ಲಿ ಉಳಿದಿವೆ, ಆ ಗೋರಿಗಳನ್ನು ಇಂದಿಗೂ ಗುರುತಿಸಬಹುದು. ಬೆಂಟ್‌ಹೈಮಿನಲ್ಲಿಯೂ ಬೆಳೆದದ್ದು ಬೆಟ್ಟವೇ ಹೊರತು ಕೋಟೆಯು ಬೇರೊಂದಾಗಲಿಲ್ಲ. ಎಂದರೆ, ಕಣ್ಣಾರೆ ಕಂಡ ಕಟ್ಟಡದ ವಿಷಯದಲ್ಲಿ ಈತನು ಪ್ರಾಮಾಣಿಕ. ಅದರ ಸುತ್ತಣ ಸನ್ನಿವೇಶದ ವಿಷಯದಲ್ಲಿ ಸ್ವತಂತ್ರ. ಈ ಭೇದವನ್ನು ಡಾಮ್ ಚಿತ್ರಕ್ಕೆ ಅನ್ವಯಿಸಿದರೆ, ತೂಕದ ಮನೆಯ ಆಕಾರವನ್ನು ನಂಬಬಹುದು. ಅಂತರ, ಬೆಳಕು, ಮೋಡಗಳ ವಿಷಯದಲ್ಲಿ ಚಿತ್ರಕಾರನಿಗೆ ಸಲ್ಲತಕ್ಕ ಸ್ವಾತಂತ್ರ್ಯವನ್ನು ಸಲ್ಲಿಸಬೇಕು. ಬೆರ್ಕ್‌ಹೈಡನೇ ಮೊದಲಾದವರ ಪಟಗಳಲ್ಲಿ ಅದೇ ಕಟ್ಟಡವು ಬೇರೆ ದಿಕ್ಕುಗಳಿಂದ ಕಾಣುವುದರಿಂದ ತಾಳೆನೋಡುವುದಕ್ಕೂ ಅನುಕೂಲವುಂಟು. ಚೌಕದಲ್ಲಿ ಓಡಾಡುವ ಜನರನ್ನು ಕುರಿತು ಮಾತ್ರ ಅಷ್ಟು ಧೈರ್ಯವಾಗಿ ಹೇಳಲಾಗದು. ರೌಸ್‌ಡಾಲನ ಹಲವು ಚಿತ್ರಗಳಲ್ಲಿ ಮನುಷ್ಯರ ಆಕೃತಿಗಳನ್ನು ಬರೆದವರು ಬೇರೆ ಚಿತ್ರಕಾರರು.

ಈ ವಿವೇಚನೆಗೆ ಇಷ್ಟು ಬೆಲೆ ಬಂದದ್ದು ೧೮೦೮ರಲ್ಲಿ. ನೆಪೋಲಿಯನ್ನನ ತಮ್ಮನಾದ ಲೂಯಿಯು ಹಾಲೆಂಡಿನ ದೊರೆಯಾಗಿ ಆ ವರ್ಷ ಪುರಭವನವನ್ನೇ ಅರಮನೆಯಾಗಿ ಮಾಡಿಕೊಂಡನು; ಅರಮನೆಯ ಎದುರಿನ ನೋಟಕ್ಕೆ ತೂಕದ ಮನೆಯು ಅಡ್ಡವಾಗಿದೆಯೆಂದು ಅದನ್ನು ಕೆಡವಿಸಿದನು. ರೌಸ್‌ಡಾಲನು ಬಿಟ್ಟ ಸೌಧವು ಇಂದಿಗೂ ನಿಂತಿದೆ; ನಡುವೆ ನಿಲ್ಲಿಸಿದ ಕಟ್ಟಡಕ್ಕೆ ಪಟಗಳೇ ಗತಿ. ಹಿಂದೆ ಕಾಣುವ ನೀರಿಗೂ ಹೆಚ್ಚುಕಡಿಮೆ ಇದೇ ಗತಿಯಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಡಾಮ್‌ರಾಕಿನ ಬಹುಭಾಗವನ್ನು ಮಣ್ಣಿನಿಂದ ಮುಚ್ಚಿದರು. ಚೌಕದಿಂದ ಈಗ ಕೂವೆಮರಗಳು ಕಾಣುವುದಿಲ್ಲ. ಆ ಒಳರೇವನ್ನು ಕುರಿತು ರೌಸ್‌ಡಾಲನೇ ಬರೆದ ಪಟಗಳು ರಾಟರ್‌ಡಾಮಿನ ಬಾಯ್‌ಮನ್ಸ್ ಸಂಗ್ರಹದಲ್ಲಿಯೂ ನ್ಯೂಯಾರ್ಕಿನ ಫ್ರಿಕ್ ಸಂಗ್ರಹದಲ್ಲಿಯೂ ಇವೆ. ಪುರಭವನದ ಗೋಪುರಕ್ಕೆ ಕಟ್ಟಿದ್ದ ಸಾರುವೆಯ ಮೇಲಿನಿಂದ ನಗರವನ್ನೂ ಬಂದರನ್ನೂ ನೋಡಿ ಆತನು ಬರೆದ ರೇಖಾಚಿತ್ರವು ಆಮ್‌ಸ್ಟರ್‌ಡಾಮಿನಲ್ಲಿಯೇ ಇದೆ. ಬರ್ಲಿನ್ನಿನ ಪಟವನ್ನು ಅಭ್ಯಾಸ ಮಾಡುವವರು ಇವನ್ನೂ ಪಕ್ಕದಲ್ಲಿಟ್ಟುಕೊಂಡು ನೋಡತಕ್ಕದ್ದು.