ಪಾದರಕ್ಷೆಯ ಪರೀಕ್ಷೆ

ಅಕ್ಕಿಯನ್ನು ಕೊಳ್ಳುವವರು ಎರಡು ಕಾಳನ್ನು ಹಲ್ಲಿನಲ್ಲಿ ಕಡಿದು ನೋಡುತ್ತಾರೆ. ಬಿಂದಿಗೆಯನ್ನು ಕೊಳ್ಳುವವರು ಬೆರಳಿನಿಂದ ತಟ್ಟಿ ನಾದವನ್ನು ಕೇಳುತ್ತಾರೆ. ಪಂಚೆಯ ಅಂಗಡಿಯಲ್ಲಿ ಅಂಚನ್ನು ತಿರುವಿ ನೋಡದೆ ಹಣ ತೆರುವವರು ವಿರಳ. ಆದರೆ ಇದೇ ಜನ ಕಚೇರಿಗೂ ಸಭೆಗೂ ಮೆಟ್ಟಿಕೊಂಡು ಹೋಗತಕ್ಕ ತೊಗಲಿನ ಷೂಗಳನ್ನು ಕೊಳ್ಳುವಾಗ ಮಾತ್ರ ಎರಡೇ ಲಕ್ಷಣಗಳನ್ನು ಗಮನಿಸುತ್ತಾರೆ: ಒಂದು ಹೊಳಪು, ಇನ್ನೊಂದು ಬೆಲೆಯ ಚೀಟಿ. ಈ ಎರಡರಿಂದಲೂ ವಸ್ತುವಿನ ಗುಣ ತಿಳಿಯುವುದಿಲ್ಲ. ಷೂವಿನ ಗುಣ ಅಡಗಿರುವುದು ಮುಖ್ಯವಾಗಿ ಎರಡು ಸ್ಥಳಗಳಲ್ಲಿ: ತೊಗಲಿನ ಮೇಲ್ಪದರದಲ್ಲಿ, ಮತ್ತು ಮೇಲ್ದೊಗಲೂ ಅಟ್ಟೆಯೂ ಒಂದನ್ನೊಂದು ಕೂಡುವ ಸಂದಿನಲ್ಲಿ. ಈ ಎರಡನ್ನು ಪರೀಕ್ಷಿಸುವ ಬಗೆಯನ್ನು ಶ್ರೋತೃಗಳ ಮುಂದೆ ಇಡುವುದೇ ಈ ಭಾಷಣದ ಉದ್ದೇಶ.

ಮೊದಲು ತೊಗಲಿನ ವಿಚಾರ. ಪ್ರಾಣಿಯ ಚರ್ಮದಲ್ಲಿ ರೋಮಗಳಿದ್ದ ಹೊರಮೈಯ ಕೆಳಗೆ ನಾರುಗಳು ಒತ್ತಾಗಿ ಹೆಣೆದುಕೊಂಡಿರುತ್ತವೆ. ಒಳಕ್ಕೆ ಹೋದಂತೆ ಹೆಣಿಗೆ ಸಡಿಲವಾಗುತ್ತದೆ. ಆ ಹೊರಮೈಯನ್ನು ಉಜ್ಜಿ ತೆಗೆಯದೆ ಹಾಗೆಯೇ ಉಳಿಸಿಕೊಂಡ ತೊಗಲು ಎಲ್ಲಕ್ಕಿಂತ ಶ್ರೇಷ್ಠವಾದದ್ದು. ಇದನ್ನೇ ವ್ಯಾಪಾರದಲ್ಲಿ 'ಫುಲ್ ಗ್ರೇನ್' ಎನ್ನುತ್ತಾರೆ. ಚರ್ಮದಲ್ಲಿ ಮುಳ್ಳಿನ ಗೀರು, ಉಣ್ಣೆಯ ಕಡಿತ ಮುಂತಾದ ಕಲೆಗಳಿದ್ದರೆ ತಯಾರಕರು ಹೊರಮೈಯನ್ನು ಉಜ್ಜಿ ಸಮಮಾಡಿ, ಮೇಲೆ ದಪ್ಪನೆಯ ಬಣ್ಣದ ಲೇಪವನ್ನು ಕೊಟ್ಟು, ಕೃತ್ರಿಮವಾದ ಗೆರೆಗಳನ್ನು ಅಚ್ಚೊತ್ತುವುದುಂಟು. ಇದು 'ಕರೆಕ್ಟೆಡ್ ಗ್ರೇನ್.' ಅಂಗಡಿಯಲ್ಲಿ ಕನ್ನಡಿಯಂತೆ ಹೊಳೆಯುವುದು ಬಹುಮಟ್ಟಿಗೆ ಇಂಥದೇ. ಇನ್ನೂ ಕೆಳಗಿನ ದರ್ಜೆಯದು, ಚರ್ಮವನ್ನು ಸೀಳಿದಾಗ ದೊರೆಯುವ ಒಳಪದರ. ಅದಕ್ಕೂ ಕೆಳಗಿನದು, ತೊಗಲಿನ ಪುಡಿಯನ್ನು ಅಂಟಿನಿಂದ ಹಾಳೆಯಾಗಿ ಒತ್ತಿದ ಪದಾರ್ಥ. 'ನಿಜವಾದ ತೊಗಲು' ಎಂಬ ಮುದ್ರೆಯನ್ನು ಕಂಡು ತೃಪ್ತರಾಗುವವರು ಒಂದು ಮಾತನ್ನು ನೆನಪಿಡಬೇಕು: ಸೀಳಿದ ಒಳಪದರವೂ ತೊಗಲೇ, ಆದ್ದರಿಂದ ಆ ಮುದ್ರೆಯಲ್ಲಿ ಸುಳ್ಳಿಲ್ಲದಿದ್ದರೂ ಶ್ರೇಷ್ಠತೆಗೆ ಅದು ಪ್ರಮಾಣವಲ್ಲ.

ಇವುಗಳ ಭೇದವನ್ನು ಕಣ್ಣು ಬೆರಳುಗಳಿಂದಲೇ ತಿಳಿಯಬಹುದು. ಷೂವನ್ನು ಬೆಳಕಿಗೆ ಹಿಡಿದು ನೋಡಿದರೆ ಒಳ್ಳೆಯ ತೊಗಲಿನಲ್ಲಿ ಸಣ್ಣ ರೋಮರಂಧ್ರಗಳು ಕಾಣಿಸುತ್ತವೆ. ಅವು ಎಲ್ಲೆಡೆಯೂ ಒಂದೇ ಸಮನಾಗಿರುವುದಿಲ್ಲ. ಯಂತ್ರದ ಅಚ್ಚಿನಿಂದ ಮೂಡಿದ ಗೆರೆಗಳಾದರೋ ಒಂದೇ ಕ್ರಮದಲ್ಲಿ ಮರುಕಳಿಸುತ್ತವೆ. ಬೆರಳುಗಳ ಬುಡ ಬಾಗುವ ಸ್ಥಳವನ್ನು ಹೆಬ್ಬೆರಳಿನಿಂದ ಮೆಲ್ಲನೆ ಒತ್ತಿದಾಗ ಉತ್ತಮ ತೊಗಲು ನವುರಾದ ಸುಕ್ಕುಗಳನ್ನು ತೋರಿ, ಬೆರಳು ತೆಗೆದೊಡನೆ ಮೊದಲಿನಂತಾಗುತ್ತದೆ. ಲೇಪದ ತೊಗಲಿನಲ್ಲಿ ಒರಟಾದ ಮಡಿಕೆ ಬಿದ್ದು ಉಳಿಯುತ್ತದೆ. ಕಾಲಕ್ರಮದಲ್ಲಿ ಆ ಮಡಿಕೆಯ ಮೇಲಿನ ಲೇಪವೇ ಬಿರಿಯುತ್ತದೆ. ಬಿರಿದ ಲೇಪವನ್ನು ಯಾವ ಪಾಲಿಷೂ ಕೂಡಿಸಲಾರದು. ಬೆನ್ನಿನ ಭಾಗದ ತೊಗಲು ಬಿಗಿ, ಹೊಟ್ಟೆಯ ಭಾಗದ್ದು ಸಡಿಲ. ಎಡಬಲದ ಷೂಗಳೆರಡನ್ನೂ ಪಕ್ಕದಲ್ಲಿಟ್ಟು ನೋಡಿ, ಒಂದರ ಮುಂಭಾಗ ನಯವಾಗಿಯೂ ಇನ್ನೊಂದರದು ಸಡಿಲವಾಗಿಯೂ ಇದ್ದರೆ, ಕತ್ತರಿಸಿದವರು ಆಯ್ಕೆಯಲ್ಲಿ ಉದಾಸೀನರಾಗಿದ್ದರೆಂದು ತಿಳಿಯಬೇಕು. ವಾಸನೆಯನ್ನು ಮಾತ್ರ ನಂಬಬೇಡಿ. ಅದನ್ನು ಸೀಸೆಯಿಂದಲೂ ಕೊಡಬಹುದು.

ಹದಮಾಡುವ ವಿಧಾನದ ಬಗ್ಗೆಯೂ ಒಂದೆರಡು ಮಾತು ಆವಶ್ಯಕ. ನಮ್ಮ ದಕ್ಷಿಣದೇಶದಲ್ಲಿ ತಂಗಡಿಯ ಚಕ್ಕೆಯಿಂದಲೂ ಅಳಲೆಕಾಯಿಂದಲೂ ಚರ್ಮವನ್ನು ಹದಮಾಡುತ್ತಿದ್ದರು. ಈ ಪದ್ಧತಿಗೆ ವಾರಗಳು ಹಿಡಿಯುತ್ತವೆ. ಕ್ರೋಮಿಯಂ ಲವಣಗಳಿಂದ ಬೇಗನೆ ಹದಮಾಡುವ ಕ್ರಮಕ್ಕೆ ನ್ಯೂಯಾರ್ಕಿನ ಆಗಸ್ಟಸ್ ಷುಲ್ಟ್ಸ್ ಎಂಬಾತ 1884ರಲ್ಲಿ ಹಕ್ಕುಪತ್ರವನ್ನು ಪಡೆದನು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅದನ್ನು ಮದರಾಸಿನಲ್ಲಿ ಪ್ರಚಾರಕ್ಕೆ ತಂದವರಲ್ಲಿ ಮುಖ್ಯರಾದವರು ಆಲ್ಫ್ರೆಡ್ ಚಾಟರ್ಟನ್. ಇವರೇ 1910ರ ದಶಕದಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಗೂ ಮುಖ್ಯಸ್ಥರಾಗಿದ್ದರು. ಇಂದು ಷೂಗಳ ಮೇಲ್ದೊಗಲು ಹೆಚ್ಚಾಗಿ ಕ್ರೋಮ್ ಹದದ್ದೇ. ಅದು ಮೃದು, ನೀರಿಗೆ ಬೇಗ ಕೆಡದು. ಒಳ ಅಟ್ಟೆಗಾದರೋ ಗಿಡದ ಚಕ್ಕೆಯ ಹದದ ತೊಗಲೇ ಮೇಲು. ಅದು ಬೆವರನ್ನು ಹೀರಿ, ತೊಟ್ಟವನ ಪಾದದ ಆಕಾರಕ್ಕೆ ಕ್ರಮೇಣ ಒಗ್ಗುತ್ತದೆ.

ಇನ್ನು ಎರಡನೆಯ ಪರೀಕ್ಷೆ. ಇದು ಮೊದಲನೆಯದಕ್ಕಿಂತಲೂ ಮುಖ್ಯವೆಂದು ನನ್ನ ಅಭಿಪ್ರಾಯ. ಅಟ್ಟೆಯನ್ನು ಮೇಲ್ದೊಗಲಿಗೆ ಕೂಡಿಸುವ ಕ್ರಮಗಳು ಪ್ರಧಾನವಾಗಿ ಮೂರು. ಮೊದಲನೆಯದು ಕೇವಲ ಅಂಟು. ಮಾರುಕಟ್ಟೆಯ ಬಹುಪಾಲು ಷೂಗಳು ಇಂಥವೇ. ಎರಡನೆಯದು ಒಳ ಅಟ್ಟೆಯಿಂದ ಹೊರ ಅಟ್ಟೆಯವರೆಗೆ ನೇರವಾಗಿ ಹಾಕಿದ ಹೊಲಿಗೆ. ಇದಕ್ಕೆ ಬೇಕಾದ ಯಂತ್ರಕ್ಕೆ ಅಮೆರಿಕದ ಲೈಮನ್ ಬ್ಲೇಕ್ 1858ರಲ್ಲಿ ಹಕ್ಕುಪತ್ರ ಪಡೆದುದರಿಂದ ಇದಕ್ಕೆ ಬ್ಲೇಕ್ ಹೊಲಿಗೆಯೆಂದು ಹೆಸರು. ಇದು ಹಗುರ, ಸುಲಭವಾಗಿ ಬಾಗುತ್ತದೆ. ಆದರೆ ಹೊಲಿಗೆಯ ರಂಧ್ರದ ಮೂಲಕ ನೆಲದ ನೀರು ಒಳಕ್ಕೆ ಬರುವ ಸಂಭವವುಂಟು. ಮೂರನೆಯದು ವೆಲ್ಟ್ ಎಂಬ ಕ್ರಮ. ಇದರಲ್ಲಿ ಒಂದು ಕಿರಿದಾದ ತೊಗಲಿನ ಪಟ್ಟಿಯನ್ನು ಮೇಲ್ದೊಗಲಿಗೂ ಒಳ ಅಟ್ಟೆಗೂ ಸೇರಿಸಿ ಹೊಲಿದು, ಹೊರ ಅಟ್ಟೆಯನ್ನು ಆ ಪಟ್ಟಿಗೆ ಮಾತ್ರ ಬೇರೊಂದು ಹೊಲಿಗೆಯಿಂದ ಕೂಡಿಸುತ್ತಾರೆ. ಮೊದಲು ಕೈಯಿಂದಲೇ ನಡೆಯುತ್ತಿದ್ದ ಈ ಕೆಲಸವನ್ನು ಯಂತ್ರಕ್ಕೆ ಒಗ್ಗಿಸಿದ ಕೀರ್ತಿ, 1870ರ ಆಸುಪಾಸಿನಲ್ಲಿ, ರಬ್ಬರಿನ ಸಂಸ್ಕಾರವನ್ನು ಕಂಡುಹಿಡಿದ ಚಾರ್ಲ್ಸ್ ಗುಡ್‌ಇಯರನ ಮಗನಿಗೆ ಸಂದಿತು.

ಈ ಪಟ್ಟಿಯ ಪ್ರಯೋಜನ ಸ್ಪಷ್ಟವಾದದ್ದು. ಹೊರ ಅಟ್ಟೆ ಸವೆದಾಗ ಎರಡನೆಯ ಹೊಲಿಗೆಯನ್ನಷ್ಟೇ ಬಿಚ್ಚಿ ಹೊಸ ಅಟ್ಟೆಯನ್ನು ಕೂಡಿಸಬಹುದು. ಮೇಲ್ದೊಗಲಿಗೆ ಸೂಜಿಯ ನೋವಿಲ್ಲ. ಆದರೆ ಗ್ರಾಹಕರು ಮೋಸಹೋಗುವುದೂ ಇಲ್ಲಿಯೇ. ಅಂಟಿಸಿದ ಷೂವಿನ ಅಂಚಿನಲ್ಲಿಯೂ ಅಲಂಕಾರಕ್ಕೆಂದು ಹೊಲಿಗೆಯ ಸಾಲನ್ನು ಮೂಡಿಸುತ್ತಾರೆ. ಷೂವನ್ನು ತಲೆಕೆಳಗೆ ಮಾಡಿ ನೋಡಿ: ಅಂಚಿನ ಹೊಲಿಗೆ ಅಟ್ಟೆಯ ತಳದಲ್ಲಿಯೂ, ಸಾಮಾನ್ಯವಾಗಿ ಒಂದು ಕಾಲುವೆಯೊಳಗೆ, ಕಾಣಿಸಿದರೆ ಅದು ಕೆಲಸದ ಹೊಲಿಗೆ. ಉತ್ತಮ ಷೂಗಳಲ್ಲಿ ಕೆಲವೊಮ್ಮೆ ಈ ಕಾಲುವೆಯನ್ನು ಮುಚ್ಚಿರುವುದರಿಂದ, ಕಾಣದಿದ್ದ ಮಾತ್ರಕ್ಕೆ ತೀರ್ಪು ಕೊಡದೆ ವರ್ತಕನನ್ನು ವಿಚಾರಿಸುವುದು ನ್ಯಾಯ. ಷೂವಿನೊಳಗೆ ಕೈಯಿಟ್ಟಾಗ ಒಳ ಅಟ್ಟೆಯ ಸುತ್ತ ಹೊಲಿಗೆ ತಗುಲಿದರೆ ಅದು ಬ್ಲೇಕ್ ಕ್ರಮದ್ದು.

ಈಗ ಬೆಲೆಯ ಲೆಕ್ಕ. 2500 ರೂಪಾಯಿಯ ಅಂಟಿನ ಷೂ ಒಂದೂವರೆ ವರ್ಷ ಬಾಳುವುದೆಂದು ಇಟ್ಟುಕೊಳ್ಳೋಣ. 12 ವರ್ಷಗಳಲ್ಲಿ 8 ಜೊತೆ. ಒಟ್ಟು 20,000 ರೂಪಾಯಿ. ವೆಲ್ಟಿನ ಷೂವೊಂದನ್ನು 9000ಕ್ಕೆ ಕೊಂಡು, ಅದೇ ಅವಧಿಯಲ್ಲಿ ಮೂರು ಬಾರಿ ತಲಾ 1800ರಂತೆ ಅಟ್ಟೆ ಬದಲಿಸಿದರೆ 14,400. ಉಳಿತಾಯ 5600. ಆದರೆ ಒಮ್ಮೆಗೇ 9000ವನ್ನು ತೆರಲಾರದ ಸಂಸಾರಿ, ಕೈಯಲ್ಲಿ ಕಾಸಿಲ್ಲದ ಕಾರಣದಿಂದಲೇ, ಕೊನೆಗೆ ಹೆಚ್ಚು ತೆರುತ್ತಾನೆ. ಬಡತನಕ್ಕೆ ಬಡ್ಡಿ ಬೀಳುವ ಬಗೆ ಇದು. ಹಾಗೆಂದು ಬೆಲೆ ಏರಿದಂತೆಲ್ಲ ಬಾಳಿಕೆಯೂ ಏರುವುದೆಂದು ತಿಳಿಯಬಾರದು. ಒಂದು ಮಟ್ಟವನ್ನು ದಾಟಿದ ಮೇಲೆ ನಾವು ಕೊಡುವ ಹಣ ಅಂದಕ್ಕೂ ಹೆಸರಿಗೂ ಸಲ್ಲುತ್ತದೆ. ದೊಡ್ಡ ಹೆಸರಿನ ಅಂಟಿನ ಷೂವೂ ಅಂಟಿನದೇ.

ವರ್ಷಕ್ಕೆ ನಾಲ್ಕು ಮದುವೆಗಳಿಗೆ ಮಾತ್ರ ಷೂ ತೊಡುವವರಿಗೆ ಅಗ್ಗದ್ದೇ ಸಾಕೆಂದು ತೋರಬಹುದು. ಆದರೆ ಅವರು ಪಾಲಿಯುರೆಥೇನ್ ಅಟ್ಟೆಯ ವಿಷಯದಲ್ಲಿ ಎಚ್ಚರದಿಂದಿರಬೇಕು. ಗಾಳಿಯ ತೇವ ಆ ಪದಾರ್ಥವನ್ನು ಒಳಗಿನಿಂದಲೇ ಕೆಡಿಸುವುದರಿಂದ, ಮಲೆನಾಡಿನ ಅಥವಾ ಕರಾವಳಿಯ ಮನೆಯಲ್ಲಿ ಪೆಟ್ಟಿಗೆಯೊಳಗೇ ಇದ್ದ ಷೂವಿನ ಅಟ್ಟೆ ಕೆಲವು ವರ್ಷಗಳ ಮೇಲೆ ಹೊರತೆಗೆದ ದಿನ ಪುಡಿಪುಡಿಯಾಗಬಹುದು. ಮಳೆಯ ಸೀಮೆಗೆ ಹೊಲಿದ ತೆಳುವಾದ ರಬ್ಬರಿನ ಅಟ್ಟೆ ಅನುಕೂಲ.

ಗುಣವೆಷ್ಟಿದ್ದರೂ ಕಾಲಿಗೆ ಒಪ್ಪದ ಷೂ ವ್ಯರ್ಥ. ಸಂಜೆಯ ಹೊತ್ತಿಗೆ ಪಾದ ತುಸು ಊದಿಕೊಳ್ಳುವುದರಿಂದ ಆಗಲೇ ತೊಟ್ಟು ನೋಡಿ ಕೊಳ್ಳಬೇಕು. ಒಂದು ದಿನ ತೊಟ್ಟದ್ದನ್ನು ಮರುದಿನ ಬಿಟ್ಟರೆ ಬೆವರು ಆರಿ ತೊಗಲಿನ ಆಯುಸ್ಸು ಹೆಚ್ಚುತ್ತದೆ. ನೆನೆದ ಷೂವನ್ನು ಬಿಸಿಲಿಗೂ ಒಲೆಗೂ ಒಡ್ಡದೆ ನೆರಳಿನಲ್ಲಿ ಒಣಗಿಸತಕ್ಕದ್ದು.

ಕೊನೆಯದಾಗಿ ಇನ್ನೊಂದು ವಿಚಾರ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನೂ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆಗಳನ್ನು ಮಾಡಿ ಬಸವಣ್ಣನವರಿಗೆ ಅರ್ಪಿಸಿದರೆಂದೂ, ಅವನ್ನು ಮೆಟ್ಟಲು ತಾವು ಯೋಗ್ಯರಲ್ಲವೆಂದು ಅವರು ಭಾವಿಸಿದರೆಂದೂ ಐತಿಹ್ಯವಿದೆ. ಅಂಥ ಐತಿಹ್ಯವನ್ನು ಕೊಂಡಾಡುವ ನಾವು, ರಂಪಿಗೆ ದಬ್ಬಳಗಳನ್ನು ಹಿಡಿದು ರಸ್ತೆಯ ಮೂಲೆಯಲ್ಲಿ ಕುಳಿತವರ ವಿದ್ಯೆಯನ್ನು ವಿದ್ಯೆಯೆಂದು ಎಣಿಸಿದ್ದು ಕಡಮೆ. ರಿಪೇರಿಗೆ ಒಲ್ಲದ ಷೂಗಳು ಹೆಚ್ಚಿದಷ್ಟೂ ಆ ವಿದ್ಯೆಗೆ ಕೆಲಸವಿಲ್ಲವಾಗುತ್ತದೆ; ಕೆಲಸವಿಲ್ಲದ ವಿದ್ಯೆ ಮಗನಿಗೆ ದಾಟುವುದಿಲ್ಲ. ಆದಕಾರಣ ಅಂಗಡಿಯಲ್ಲಿ ಬೆಲೆಯನ್ನು ಕೇಳುವ ಮೊದಲು ಒಂದು ಪ್ರಶ್ನೆಯನ್ನು ಕೇಳುವ ಅಭ್ಯಾಸವಾಗಲಿ: "ಇದರ ಅಟ್ಟೆ ಸವೆದರೆ ಬಿಚ್ಚಿ ಹೊಸದನ್ನು ಹಾಕಿಸಬಹುದೆ?" ಉತ್ತರ ತಡವರಿಸಿತೆಂದರೆ, ಹೊಳಪು ಎಷ್ಟೇ ಇರಲಿ, ಚೀಟಿಯ ಮೇಲಿನ ಬೆಲೆ ಹೆಚ್ಚಾಯಿತೆಂದೇ ತಿಳಿಯತಕ್ಕದ್ದು.