ಮುದ್ದೇಶನ ಮನೆಯ ರಂಗಮಂಚ

ಟಿವಿಯ ‘ಮಜಾ ಟಾಕೀಸ್‌’ನ ಮುದ್ದೇಶ ಗೊತ್ತಲ್ಲ? ಆ ಮಂಡ್ಯ ರಮೇಶ್ ಅಸಲಿಗೆ ನಾಟಕದ ಮನುಷ್ಯ. ನೀನಾಸಂನಲ್ಲಿ ಕಲಿತು, ಬಿ. ವಿ. ಕಾರಂತರ ರಂಗಾಯಣದಲ್ಲಿ ಪಳಗಿದವರು. ಮೈಸೂರಿನ ರಾಮಕೃಷ್ಣನಗರದಲ್ಲಿ ಅವರದೇ ಪುಟ್ಟ ರಂಗಮಂದಿರವಿದೆ, ‘ನಟನ’. ಮಗಳು ದಿಶಾ ರಮೇಶ್ ಅದೇ ಅಂಗಳದಲ್ಲಿ ಬೆಳೆದ ನಟಿ, ಗಾಯಕಿ.

ಇಲ್ಲಿನ ಹೆಸರಾದ ನಾಟಕ ‘ಚೋರ ಚರಣದಾಸ’, ಮೂಲ ಹಬೀಬ್ ತನ್ವೀರ್ ಅವರದು. ಕಳ್ಳನೊಬ್ಬ ತಮಾಷೆಗೆ ಗುರುವಿನ ಮುಂದೆ ಆಣೆ ಹಾಕ್ತಾನೆ: ಚಿನ್ನದ ತಟ್ಟೆಯಲ್ಲಿ ಉಣ್ಣಲ್ಲ, ರಾಣಿಯನ್ನು ಮದುವೆಯಾಗಲ್ಲ. ಕಳ್ಳನಿಗೆ ಅದೆಲ್ಲ ಎಲ್ಲಿ ಸಿಗಬೇಕು ಹೇಳಿ! ಗುರು ಇನ್ನೊಂದು ಸೇರಿಸ್ತಾನೆ, ಸುಳ್ಳು ಹೇಳಬಾರದು. ಆಮೇಲೆ ತಟ್ಟೆಯೂ ಬರುತ್ತೆ, ರಾಣಿಯೂ ಬರ್ತಾಳೆ.

ಟಿವಿಯಲ್ಲಾದರೆ ಕ್ಯಾಮೆರಾ ತೋರಿಸಿದ್ದಷ್ಟೇ. ಇಂಥ ಪುಟ್ಟ ರಂಗಮಂಚದಲ್ಲಿ ಕಳ್ಳನ ಹಣೆಯ ಬೆವರೂ ಮುಂದಿನ ಸಾಲಿಗೆ ಕಾಣುತ್ತೆ.