ಭೂತವೋ, ದೆಯ್ಯವೋ, ಭೂಮಿ ಆಸೆಯೋ?

ಸದಾನಂದ ಸುವರ್ಣರು 2024ರಲ್ಲಿ ತೀರಿಕೊಂಡ ಸುದ್ದಿ ಬಂದಾಗ ಕಲ್ಯಾಣದುರ್ಗದ ಕಡಲೆಕಾಯಿ ಮಂಡಿಯಲ್ಲಿ ಹಳಬರ ಬಾಯಿಗೆ ಬಂದದ್ದು ಒಂದೇ ಹೆಸರು: ‘ಗುಡ್ಡದ ಭೂತ’. 1990ರ ದಶಕದ ಮೊದಲಲ್ಲಿ ದೂರದರ್ಶನದಲ್ಲಿ ಬಂದ ಅವರ ಧಾರಾವಾಹಿ. ಗಳಕ್ಕೆ ಆಂಟೆನಾ ಕಟ್ಟಿ, ಪಾವಗಡದ ದಿಕ್ಕಿಗೆ ತಿರುಗಿಸಿ, ಮಸುಕು ಮಸುಕಾಗಿಯೇ ನೋಡಿದೆವು. ವಾರಕ್ಕೊಂದು ಕಂತು; ಉಳಿದ ಆರು ದಿನ ನಮ್ಮದೇ ಕಥೆ.

ಜಗಳ ಹುಟ್ಟಿದ್ದೇ ಹೆಸರಿನಿಂದ. ನಮ್ಮ ಕಡೆ ಭೂತವೆಂದರೆ ದೆಯ್ಯ, ಹೆದರಿಸುವಂಥದ್ದು. ಕರಾವಳಿಯಲ್ಲಾದರೆ ಭೂತಕ್ಕೆ ಕೋಲ ಕೊಟ್ಟು ನ್ಯಾಯ ಕೇಳುತ್ತಾರೆ. ಹಾಗಾಗಿ ಕೆಲವರು, ‘ಅದು ಕೊಲ್ಲೋದಿಲ್ಲ ಕಣಪ್ಪಾ, ಕಾಯ್ತದೆ’ ಅಂತ ವಾದಕ್ಕಿಳಿದರು. ದಲಾಲಿಯೊಬ್ಬರ ಲೆಕ್ಕವೇ ಬೇರೆ: ‘ಜನ ಹೆದರಿ ಗುಡ್ಡ ಬಿಟ್ಟರೆ ಲಾಭ ಯಾರಿಗೆ ನೋಡಯ್ಯಾ, ವಾಡೇ ದೆಯ್ಯಂ!’

ಇದು ಬರೀ ಹರಟೆಯಲ್ಲ. ಪಂಪ್‌ಸೆಟ್ಟಿಗೆ ಕರೆಂಟು ರಾತ್ರಿ ಹೊತ್ತು ಬರುತ್ತಿದ್ದ ಕಾಲ. ಗುಡ್ಡದ ಮಗ್ಗುಲ ಹೊಲಕ್ಕೆ ನೀರು ಕಟ್ಟಲು ಕೂಲಿಯವರು ಒಲ್ಲೆ ಅಂದರು. ಬೇಸಿಗೆ ಬೆಳೆ, ನೀರು ತಪ್ಪಿದರೆ ಗಿಡ ಬಾಡುತ್ತದೆ. ನಮ್ಮಪ್ಪ ದಲಾಲಿಯವರ ಮಾತನ್ನೇ ಹೇಳಿ ಒಬ್ಬನನ್ನು ಒಪ್ಪಿಸಿದರು. ಆದರೂ ಆತ ಲಾಟೀನು ಎರಡು ಕೇಳಿದ!

ಅದರಲ್ಲಿ ನಟಿಸಿದ್ದ ಪ್ರಕಾಶ್ ರೈ ಆಮೇಲೆ ಪ್ರಕಾಶ್ ರಾಜ್ ಆಗಿ ತೆಲುಗು ಸಿನಿಮಾಕ್ಕೆ ಬಂದಾಗ ಮಂಡಿಯವರು ಕೂಡಲೇ ಗುರುತು ಹಿಡಿದರು: ‘ಮನ ಗುಟ್ಟ ದೆಯ್ಯಂ ಅಬ್ಬಾಯೇ!’